ಮೈನಸ್ ಚಳೀಲಿ ಬೋನ್ಸಾಯ್: ಗಿಡ ಸತ್ತಿದ್ಯಾ, ಮಲಗಿದ್ಯಾ ಅಂತ ಪತ್ತೆ ಹಚ್ಚೋದು ಹೇಗೆ

ಮಾರ್ಚ್ ಕೊನೆ ಬಂತು ಅಂದ್ರೆ ಮಿನಿಯಾಪೊಲಿಸ್, ಶಿಕಾಗೊ, ಟೊರಾಂಟೊ ಕಡೆ ಇರೋ ನಮ್ಮೋರು ಗಿಡದ ಫೋಟೋ ಕಳಿಸಿ ಕೇಳೋದು ಒಂದೇ, ಇದು ಹೋಯ್ತಾ ಇನ್ನೂ ಇದ್ಯಾ ಅಂತ. ಫೋಟೋ ನೋಡಿ ಹೇಳೋಕಾಗಲ್ಲ, ಆದ್ರೆ ಮನೇಲೇ ದುಡ್ಡಿಲ್ದೆ ಮಾಡ್ಬಹುದಾದ ಪರೀಕ್ಷೆ ಬೇಕಾದಷ್ಟಿವೆ. ಇಲ್ಲಿ ಬರೀತಿರೋದು ಮಿನಿಯಾಪೊಲಿಸ್ ಲೆಕ್ಕದಲ್ಲಿ. 2019ರ ಜನವರಿ ಕೊನೇಲಿ ಮೈನಸ್ 28 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 33 ಸೆಲ್ಸಿಯಸ್ ತನಕ ಇಳಿದ ಊರು ಇದು. ನಿಮ್ಮೂರು ಇದಕ್ಕಿಂತ ಬೆಚ್ಚಗಿದ್ರೆ ಅಷ್ಟರ ಮಟ್ಟಿಗೆ ಸಡಿಲ ಮಾಡ್ಕೊಳಿ.

ಊರಲ್ಲಿ ಕಲಿತಿದ್ದು ಇಲ್ಲಿ ಪೂರ್ತಿ ನಡೆಯಲ್ಲ. ಲಾಲ್‌ಬಾಗ್ ಫ್ಲವರ್ ಶೋಲೋ ಮೈಸೂರಿನ ದತ್ತಪೀಠದ ಬೋನ್ಸಾಯ್ ತೋಟದಲ್ಲೋ ನೋಡಿರ್ತೀವಲ್ಲ ಆಲ, ಅರಳಿ, ಆ ಥರದ ಗಿಡ ವರ್ಷವಿಡೀ ಬಯಲಲ್ಲೇ ಇರುತ್ತೆ, ನೀರು ಬಿಸಿಲು ನೋಡ್ಕೊಂಡ್ರೆ ಮುಗೀತು. ಇಲ್ಲಿ ಕೆಲವು ಗಿಡಕ್ಕೆ ಚಳಿ ಬೇಕೇ ಬೇಕು, ಕೆಲವಕ್ಕೆ ಸೋಕಲೇಬಾರದು, ಚಳಿ ಬೇಕಾದ ಗಿಡದಲ್ಲೂ ಕೊಂಬೆ ತಡಕೊಳ್ಳೋ ಚಳಿಯನ್ನ ಬೇರು ತಡಕೊಳ್ಳಲ್ಲ. ಈ ಊರಲ್ಲಿ ಬೋನ್ಸಾಯ್ ಸಾಯೋದು ಹೆಚ್ಚಾಗಿ ಈ ಎರಡು ವಿಷಯ ಕಲಸಿಹೋಗಿರೋದ್ರಿಂದಲೇ, ರೋಗ ರುಜಿನ ಎಲ್ಲಾ ಆಮೇಲಿನ ಮಾತು.

ಮೊದಲು: ಇದು ಯಾವ ಗಿಡ?

ಇದು ಗೊತ್ತಿಲ್ದೆ ಮುಂದಕ್ಕೆ ಹೋಗ್ಬೇಡಿ. ಅಂಗಡೀಲಿ ಬರೀ "ಬೋನ್ಸಾಯ್" ಅಂತ ಚೀಟಿ ಅಂಟಿಸಿ ಮಾರ್ತಾರೆ, ಅದು ಗಿಡದ ಹೆಸರೇ ಅಲ್ಲ. ಫೋನಲ್ಲಿ ಗೂಗಲ್ ಲೆನ್ಸ್ ಹಾಕಿ ನೋಡಿದ್ರೂ ಕುಲ ಯಾವ್ದು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ, ಅಷ್ಟು ಸಾಕು.

ಫೈಕಸ್ (ಆಲದ ಜಾತಿ), ಜೇಡ್, ಪೋರ್ಟುಲಕೇರಿಯಾ ಇವೆಲ್ಲ ಬೆಚ್ಚನೆ ದೇಶದ್ದು, ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯೋಕೆ ಮುಂಚೆನೇ ಒಳಗೆ ಬರ್ಬೇಕು. ಜೂನಿಪರ್, ಪೈನ್, ಲಾರ್ಚ್, ಮೇಪಲ್, ಸೀಡರ್ ಇವಕ್ಕೆ ಚಳಿಗಾಲದ ನಿದ್ದೆ ಬೇಕು, ಹೀಟರ್ ಹಾಕಿರೋ ಲಿವಿಂಗ್ ರೂಮಲ್ಲಿ ಇಟ್ರೆ ನಿದ್ದೆಗೆಟ್ಟು ಒಂದೆರಡು ವರ್ಷದಲ್ಲಿ ಖಲಾಸ್. ಚೈನೀಸ್ ಎಲ್ಮ್ ನಡುವಿನದು, ಎರಡೂ ಕಡೆ ಹೊಂದ್ಕೊಳ್ಳುತ್ತೆ, ಆದ್ರೆ ಹೊರಗಿಡ್ತೀರಾ ಒಳಗಿಡ್ತೀರಾ ಅಂತ ಬೇಸಿಗೇಲೇ ತೀರ್ಮಾನ ಮಾಡಿ, ಜನವರೀಲಿ ಒಳಗಿಂದ ಹೊರಗೆ ಎತ್ತಿಟ್ರೆ ಅವತ್ತೇ ಅದರ ಕತೆ ಮುಗೀತು.

ಒಳಗಿಟ್ಟಿರೋ ಜೂನಿಪರ್ ಬಣ್ಣ ಮಾಸಿದೆ, ಮುಟ್ಟಿದ್ರೆ ಉದುರುತ್ತೆ

ಕಲ್ಲುಗಳನ್ನ ಗಮ್ ಹಾಕಿ ಮಣ್ಣಿಗೆ ಅಂಟಿಸಿ ಮಾರ್ತಾರಲ್ಲ, ಆ ಸಣ್ಣ ಜೂನಿಪರ್ ಬಗ್ಗೆನೇ ಹೇಳ್ತಿರೋದು. ಗಿಫ್ಟಾಗಿ ಬರುತ್ತೆ, ಟಿವಿ ಪಕ್ಕ ಕೂರುತ್ತೆ, ಮೂರು ತಿಂಗಳಲ್ಲಿ ಹೀಗಾಗುತ್ತೆ.

ತೊಂದ್ರೆ ಏನಂದ್ರೆ ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಸಿರಾಗೇ ಕಾಣ್ಸುತ್ತೆ, ಹಾಗಾಗಿ ನೀವು ನೋಡೋ ಹೊತ್ತಿಗೆ ತುಂಬಾ ತಡ ಆಗಿರುತ್ತೆ. ನೋಡ್ಬೇಕಾದ್ದು ಹೀಗೆ: ಒಂದು ರೆಂಬೆನ ಬೆರಳ ಮಧ್ಯೆ ಹಿಡಿದು ಮೆಲ್ಲಗೆ ಎಳೀರಿ. ಜೀವ ಇದ್ರೆ ಮೆತ್ತಗೆ ತಣ್ಣಗೆ ಇರುತ್ತೆ, ಬಾಗುತ್ತೆ, ಹೋಗಿದ್ರೆ ಗರಿಗರಿ ಅನ್ಸುತ್ತೆ, ಹಸಿರಲ್ಲಿ ಬೂದಿ ಬಣ್ಣ ಕಲಸಿರುತ್ತೆ, ತುದಿ ಪುಡಿ ಪುಡಿ ಆಗುತ್ತೆ. ಒಂದೆರಡು ರೆಂಬೆ ಮಾತ್ರ ಹೀಗಿದ್ರೆ ಗಿಡ ಉಳಿಯೋ ಚಾನ್ಸ್ ಇದೆ, ಪೂರ್ತಿ ಹೀಗಿದ್ರೆ ಕುಂಡ ತೊಳೆದಿಟ್ಕೊಳಿ.

ಹೊರಗಿರೋ ಜೂನಿಪರ್ ಚಳಿಗಾಲದಲ್ಲಿ ಕಂಚಿನ ಬಣ್ಣಕ್ಕೋ ನೇರಳೆ ಛಾಯೆಗೋ ತಿರುಗಿದ್ರೆ ಭಯ ಬೀಳ್ಬೇಡಿ, ಅದು ಸಹಜ, ಬೆಚ್ಚಗಾದ ಮೇಲೆ ಹಸಿರು ವಾಪಸ್ ಬರುತ್ತೆ. ಗಾಳಿ ಬಿಸಿಲು ಬೀಳೋ ಒಂದೇ ಕಡೆ ಕಂದಾಗಿ ಒಣಗಿದ್ರೆ ಮಾತ್ರ ಬೇರೆ ವಿಷಯ. ಮಣ್ಣು ಕಲ್ಲಾಗಿ ಹೆಪ್ಪುಗಟ್ಟಿರುವಾಗ ಬೇರಿಗೆ ನೀರು ಸಿಗಲ್ಲ, ಮೇಲೆ ಬಿಸಿಲೂ ಗಾಳಿನೂ ಎಲೆಯಿಂದ ನೀರು ಹೀರ್ತಾನೇ ಇರುತ್ತೆ, ಹಾಗೆ ಆಗಿರೋ ಒಣಗು ಅದು. ಪರಿಹಾರ ಗಾಳಿಗೆ ಮರೆ ಮತ್ತೆ ನೆರಳು, ನೀರು ಸುರಿಯೋದಲ್ಲ, ಹೆಪ್ಪುಗಟ್ಟಿದ ಮಣ್ಣಿಗೆ ನೀರು ಸುರಿದ್ರೆ ಮೇಲೆ ಐಸ್ ಆಗಿ ಕೂರುತ್ತೆ ಅಷ್ಟೆ.

ಲಾರ್ಚ್ ಸೂಜಿ ಎಲೆ ಎಲ್ಲಾ ಹಳದಿ ಆಗಿ ಉದುರೋಯ್ತು

ಅಕ್ಟೋಬರ್ ನವೆಂಬರಲ್ಲಿ ಆದ್ರೆ ಏನೂ ಆಗಿಲ್ಲ. ಪೈನ್ ಥರ ಕಂಡ್ರೂ ಲಾರ್ಚ್ ವರ್ಷಾ ವರ್ಷಾ ಸೂಜಿ ಉದುರಿಸೋ ಮರ, ಡಾನ್ ರೆಡ್‌ವುಡ್, ಬಾಲ್ಡ್ ಸೈಪ್ರಸ್ ಕೂಡ ಹಾಗೇನೇ. ಇದನ್ನ ಸತ್ತಿದೆ ಅಂತ ಕಸಕ್ಕೆ ಹಾಕಿದವರು ಇದ್ದಾರೆ. ಜುಲೈಲಿ ಉದುರಿದ್ರೆ ಮಾತ್ರ ಯೋಚ್ನೆ ಮಾಡಿ, ಮೊದಲು ನೀರು ಕಮ್ಮಿ ಆಯ್ತಾ ಅಂತ ನೋಡಿ. ಅಂದಹಾಗೆ ಈ ಚಳಿಗೆ ಹೊಸಬರು ಶುರು ಮಾಡೋಕೆ ಲಾರ್ಚ್‌ಗಿಂತ ಒಳ್ಳೆ ಗಿಡ ನನಗಂತೂ ಗೊತ್ತಿಲ್ಲ. ಟಮರಾಕ್ ಅನ್ನೋ ಇಲ್ಲಿನ ಲಾರ್ಚ್ ಮಿನೆಸೋಟದ ಜೌಗು ನೆಲದಲ್ಲಿ ತಾನೇ ತಾನಾಗಿ ಬೆಳೆಯುತ್ತೆ. ಎಲ್ಲರೂ ಮಾತ್ರ ಆ ಕೆಂಪು ಜಪಾನೀಸ್ ಮೇಪಲ್ಲೇ ಬೇಕು ಅಂತಾರೆ.

ವಸಂತ ಬಂದಾಯ್ತು, ಮೇಪಲ್ ಇನ್ನೂ ಕಡ್ಡಿ ಥರಾನೇ ಇದೆ

ಜಾಸ್ತಿ ಬರೋ ಕೇಸ್ ಇದೇ, ಇಲ್ಲಿ ನಿಧಾನಕ್ಕೆ ಹೋಗಿ.

ಮೊದಲು ಕ್ಯಾಲೆಂಡರ್ ನೋಡಿ. ಪಕ್ಕದ ಮನೆ ಮುಂದೆ ನೆಲದಲ್ಲಿರೋ ಮೇಪಲ್ ಚಿಗುರಿದ್ಯಾ? ಇಲ್ಲ ಅಂದ್ರೆ ನಿಮ್ಮದೂ ಯಾಕೆ ಚಿಗುರ್ಬೇಕು. ಗರಾಜಿನ ಕತ್ತಲಲ್ಲಿ ತಣ್ಣಗಿದ್ದ ಗಿಡ ಅದಕ್ಕಿಂತ ಎರಡು ವಾರ ತಡ ಮಾಡಿದ್ರೂ ಆಶ್ಚರ್ಯ ಇಲ್ಲ.

ಆಮೇಲೆ ಉಗುರು ಪರೀಕ್ಷೆ. ತೀರಾ ಸಣ್ಣ ರೆಂಬೆ ತುದಿ ಹತ್ರ ತೊಗಟೆನ ಉಗುರಲ್ಲಿ ಅಕ್ಕಿಕಾಳಿನಷ್ಟೇ ಕೆರೀರಿ, ಜಾಸ್ತಿ ಬೇಡ. ಕೆಳಗೆ ತೆಳು ಹಸಿರು ಪದರ ಕಂಡು ಬೆರಳಿಗೆ ತೇವ ತಾಕಿದ್ರೆ ಜೀವ ಇದೆ. ಕಂದು ಬಣ್ಣ, ಒಣ ಒಣ ಅಂದ್ರೆ ಆ ಜಾಗ ಹೋಗಿದೆ, ಆದ್ರೆ ಆ ಜಾಗ ಮಾತ್ರ. ಎರಡಿಂಚು ಕೆಳಗೆ ಬಂದು ಮತ್ತೆ ಕೆರೀರಿ, ಹಾಗೇ ಇಳೀತಾ ಬುಡದ ತನಕ ಬನ್ನಿ, ಎಲ್ಲಿ ಹಸಿರು ಸಿಗುತ್ತೋ ಅಲ್ಲಿಂದ ಕೆಳಗೆ ಇನ್ನೂ ಗಿಡ ಇದೆ. ಕತ್ತರಿ ತಗೊಂಡು ಸತ್ತ ಭಾಗ ತಕ್ಷಣ ಕತ್ತರಿಸೋಕೆ ಹೋಗ್ಬೇಡಿ, ಜೂನ್ ತನಕ ಬಿಡಿ, ಎಲ್ಲಿಂದ ಮೊಗ್ಗು ಒಡೆಯುತ್ತೆ ಅಂತ ಗಿಡವೇ ತೋರಿಸುತ್ತೆ.

ಉಗುರು ಪರೀಕ್ಷೇಲಿ ಕೊಂಬೆ ಹಸಿರಿದೆ, ಆದ್ರೂ ಚಿಗುರಿಲ್ಲ, ಅಥವಾ ಚಿಗುರಿ ಎಲೆ ಬಿಟ್ಟು ಮೇ ಕೊನೇಲಿ ಹಂಗೇ ಜೋತುಬಿತ್ತು, ಮಣ್ಣು ನೋಡಿದ್ರೆ ಒದ್ದೆನೇ ಇದೆ, ಹೀಗಾದ್ರೆ ಅನುಮಾನ ಬೇರಿನ ಮೇಲೆ. ಕೊಂಬೇಲಿ ಕೂಡಿಟ್ಟಿರೋ ಶಕ್ತೀಲಿ ಒಂದು ಸಲ ಎಲೆ ಬಿಡುತ್ತೆ, ಅದು ಖರ್ಚಾದ ಮೇಲೆ ನೀರು ಎಳೆಯೋಕೆ ಕೆಳಗೆ ಯಾರೂ ಇರಲ್ಲ.

ಬೇರು ಯಾಕೆ ಸಾಯುತ್ತೆ ಅಂದ್ರೆ, ನೆಲದಲ್ಲಿರೋ ಮರದ ಬೇರಿಗೆ ಹೊರಗಿನ ಚಳಿ ಪೂರ್ತಿ ತಾಕೋದೇ ಇಲ್ಲ. ಇಲ್ಲಿ ಮನೆ ಪಾಯನ 42 ಇಂಚು ಆಳಕ್ಕೆ ಹಾಕ್ಬೇಕು ಅಂತ ರೂಲ್ ಇದೆ, ನೆಲ ಅಷ್ಟು ಆಳಕ್ಕೆ ಹೆಪ್ಪುಗಟ್ಟಬಹುದು ಅಂತ, ಹಾಗಿದ್ರೂ ಮಣ್ಣಿನ ಒಳಗಿನ ಟೆಂಪರೇಚರ್ ಮೇಲಿನ ಗಾಳಿಗಿಂತ ಎಷ್ಟೋ ಮೇಲಿರುತ್ತೆ. ಎರಡಿಂಚಿನ ಕುಂಡಕ್ಕೆ ಆ ಭಾಗ್ಯ ಇಲ್ಲ, ಗಾಳಿ ಮೈನಸ್ 25 ಅಂದ್ರೆ ಬೇರೂ ಸ್ವಲ್ಪ ಹೊತ್ತಲ್ಲಿ ಮೈನಸ್ 25. ಜಪಾನೀಸ್ ಮೇಪಲ್ ಬೇರು ಸುಮಾರು ಮೈನಸ್ 10 ಸೆಲ್ಸಿಯಸ್ ಆಸುಪಾಸಲ್ಲೇ ಸಾಯೋಕೆ ಶುರು ಆಗುತ್ತೆ, ಎಳೆ ಬೇರು ಅದಕ್ಕೂ ಮುಂಚೆ. ನರ್ಸರಿ ಚೀಟೀಲಿ "ಜೋನ್ 5" ಅಂತ ಇರೋದು (ಎಷ್ಟು ಚಳಿ ತಡೆಯುತ್ತೆ ಅನ್ನೋ ನಂಬರ್, ಸಣ್ಣದಾದಷ್ಟೂ ಚಳಿ ಜಾಸ್ತಿ) ನೆಲದಲ್ಲಿ ನೆಟ್ಟ ಮರಕ್ಕೆ, ಕುಂಡದ ಗಿಡಕ್ಕೆ ಅದಕ್ಕೆ ಒಂದೋ ಎರಡೋ ಕೂಡಿಸಿ ಜೋನ್ 6 ಅಥವಾ 7 ಅಂತ ಓದ್ಕೊಳಿ.

ಬೇರು ನೋಡೋಕೆ ಮಣ್ಣು ಪೂರ್ತಿ ಕರಗಿದ ಮೇಲೇ ಕುಂಡದಿಂದ ಎತ್ತಿ, ಹೆಪ್ಪುಗಟ್ಟಿರುವಾಗ ಎಳೆದ್ರೆ ಇದ್ದ ಬೇರೂ ಹರಿದುಹೋಗುತ್ತೆ. ಬದುಕಿರೋ ಬೇರು ಗಟ್ಟಿಯಾಗಿರುತ್ತೆ, ತುದಿ ಬೆಳ್ಳಗೋ ತೆಳು ಕಂದೋ ಇರುತ್ತೆ. ಸತ್ತಿರೋದನ್ನ ಎರಡು ಬೆರಳಲ್ಲಿ ಹಿಡಿದು ಜಾರಿಸಿದ್ರೆ ಹೊರಗಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಕೈಗೆ ಬಂದು ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತೆ. ಕೊಳೆತ ವಾಸನೆ ಬಂದ್ರೆ ಚಳಿ ಜೊತೆ ನೀರೂ ನಿಂತಿತ್ತು ಅಂತ ಅರ್ಥ. ಅರ್ಧಕ್ಕಿಂತ ಜಾಸ್ತಿ ಬೇರು ಚೆನ್ನಾಗಿದ್ರೆ ಕೊಳೆತಿದ್ದು ಕತ್ತರಿಸಿ, ನೀರು ಬೇಗ ಇಳಿಯೋ ಹೊಸ ಮಿಕ್ಸ್‌ಗೆ ಹಾಕಿ ನೆರಳಲ್ಲಿಡಿ. ಗೊಬ್ಬರ ಮುಟ್ಟಲೇಬೇಡಿ, ಸುಸ್ತಾಗಿರೋ ಗಿಡಕ್ಕೆ ಗೊಬ್ಬರ ಹಾಕೋದು ನಮ್ಮೋರ ದೊಡ್ಡ ಚಟ, ಇಲ್ದಿರೋ ಬೇರಿಗೆ ಅದು ಬರೀ ಉಪ್ಪು.

ಇನ್ನೊಂದು, ಕೆಂಪೆಲೆ ಮೇಪಲ್ ಬುಡದಿಂದ ಮಾತ್ರ ಹಸಿರೆಲೆ ಚಿಗುರು ಬರ್ತಿದ್ರೆ ಖುಷಿ ಪಡ್ಬೇಡಿ, ಕಸಿ ಮಾಡಿದ ಮೇಲಿನ ಭಾಗ ಹೋಗಿ ಕೆಳಗಿನ ನಾಟಿ ಬೇರಿನ ಗಿಡ ಎದ್ದಿದೆ ಅಂತ ಅದು.

ಮುಂದಿನ ಚಳಿಗೆ ಏನು ಮಾಡ್ಬೇಕು ಅಂದ್ರೆ, ಖರ್ಚಿಲ್ದ ದಾರಿ ಮನೆಯ ಉತ್ತರ ಅಥವಾ ಪೂರ್ವ ಗೋಡೆ ಪಕ್ಕ ನೆಲದಲ್ಲಿ ಗುಂಡಿ ತೋಡಿ ಕುಂಡನ ಅಂಚಿನ ತನಕ ಹೂತು ಮೇಲೆ ಐದಾರಿಂಚು ಮಲ್ಚ್ (ಮರದ ಚೂರು, ಒಣ ಎಲೆ ಥರದ ಹೊದಿಕೆ) ಹಾಕೋದು, ಎಲೆ ಉದುರಿ ಒಂದೆರಡು ಗಟ್ಟಿ ಹಿಮ (ಫ್ರಾಸ್ಟ್, ಸ್ನೋ ಅಲ್ಲ) ಬಿದ್ದ ಮೇಲೆ, ಆದ್ರೆ ನೆಲ ಕಲ್ಲಾಗೋಕೆ ಮುಂಚೆ, ಅಂದ್ರೆ ನವೆಂಬರ್ ಕೊನೇಲಿ ಬರೋ ಥ್ಯಾಂಕ್ಸ್‌ಗಿವಿಂಗ್ ಒಳಗೆ. ಸ್ನೋ ಬಿದ್ರೆ ಗುಡಿಸ್ಬೇಡಿ, ಅದಕ್ಕಿಂತ ಒಳ್ಳೆ ಮುಚ್ಚಿಗೆ ಇಲ್ಲ. ಲಾರ್ಚ್, ಅಮೂರ್ ಮೇಪಲ್, ಸೀಡರ್‌ಗೆ ಇಷ್ಟು ಸಾಕು, ಜಪಾನೀಸ್ ಮೇಪಲ್‌ಗೆ ಸಾಲ್ದು, ಅದಕ್ಕೆ ಹೀಟಿಂಗ್ ಇಲ್ದಿರೋ ಅಟ್ಯಾಚ್ಡ್ ಗರಾಜ್ ಬೇಕು.

ಗರಾಜಿನ ನೆಲದ ಮೇಲೆ, ಕುಂಡದ ಪಕ್ಕಾನೇ, ಮಿನಿಮಮ್ ಮ್ಯಾಕ್ಸಿಮಮ್ ಎರಡೂ ತೋರ್ಸೋ ಥರ್ಮಾಮೀಟರ್ ಇಡಿ, ಇಡೀ ಬೋನ್ಸಾಯ್ ಹುಚ್ಚಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರೋ ವಸ್ತು ಇನ್ನೊಂದಿಲ್ಲ. ಮೈನಸ್ 5 ರಿಂದ ಪ್ಲಸ್ 5 ಸೆಲ್ಸಿಯಸ್ ಮಧ್ಯೆ ಆಡ್ತಿದ್ರೆ ಬೆಳಕು ಇಲ್ದಿದ್ರೂ ನಡೆಯುತ್ತೆ. ನೀರಿಗೆ ಸುಲಭ ಉಪಾಯ, ಹೊರಗಿಂದ ಒಂದು ಸಲಿಕೆ ಶುದ್ಧ ಸ್ನೋ ತಂದು ಕುಂಡದ ಮೇಲೆ ಸುರೀರಿ, ಬೆಚ್ಚಗಾದಾಗ ತಾನೇ ಕರಗಿ ಇಳಿಯುತ್ತೆ, ಬರೀ ರಸ್ತೆ ಪಕ್ಕದ ಉಪ್ಪು ಹಾಕಿದ ಸ್ನೋ ಬೇಡ. ಕಾರಿನ ಟೈರಿಂದ ಸಿಡಿಯೋ ಉಪ್ಪುನೀರಿಂದಲೂ ದೂರ ಇಡಿ.

ಚಳಿ ತೀರಾ ಜಾಸ್ತಿ ಆದ ರಾತ್ರಿ ಅಂತ ಗರಾಜಲ್ಲಿ ಪ್ರೊಪೇನ್ ಹೀಟರ್ ಹಚ್ಚಬೇಡಿ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಂಡು ಮನೆ ಒಳಗೂ ನುಗ್ಗುತ್ತೆ, ವಾಸನೆನೂ ಇರಲ್ಲ. ಎಕ್ಸ್‌ಟೆನ್ಶನ್ ಬೋರ್ಡಿಗೆ ಸ್ಪೇಸ್ ಹೀಟರ್ ಸಿಕ್ಕಿಸಿ ಮಲ್ಚ್, ರಟ್ಟಿನ ಡಬ್ಬ ಪಕ್ಕ ಬಿಟ್ಟು ಮಲಗೋದೂ ಅಷ್ಟೇ ಅಪಾಯ. ಅಂಥ ರಾತ್ರಿ ಕುಂಡಗಳನ್ನ ಮನೆಗೋಡೆಗೆ ಒತ್ತಿಟ್ಟು ಹಳೇ ಕಂಬಳಿ ಹೊದಿಸಿ, ಸಾಕು.

ಫೆಬ್ರವರೀಲೇ ಚಿಗುರ್ಬಿಟ್ಟಿದೆ / ಬಂದ ಚಿಗುರು ಕಪ್ಪಾಯ್ತು

ಗರಾಜ್ 5 ಡಿಗ್ರಿ ದಾಟಿ ಕೆಲವು ದಿನ ಹಾಗೇ ಇದ್ರೆ, ನಿದ್ದೆ ಸಾಕಷ್ಟು ಆಗಿರೋ ಗಿಡ ಏಳೋಕೆ ಶುರು ಮಾಡುತ್ತೆ. ಮೊಗ್ಗು ಉಬ್ಬಿದೆ ಅಷ್ಟೇ ಅಂದ್ರೆ ಇನ್ನೂ ತಣ್ಣನೆ ಜಾಗಕ್ಕೆ ಸರಿಸಿ ತಡ ಮಾಡ್ಬಹುದು. ಎಲೆ ಬಿಚ್ಚಿದ್ರೆ ವಾಪಸ್ ಮಲಗಿಸೋಕಾಗಲ್ಲ, ಬೆಳಕಿರೋ ತಣ್ಣನೆ ಕಿಟಕಿ ಬೇಕು, ಸೊನ್ನೆಗಿಂತ ಕೆಳಗಿಳಿಯೋ ರಾತ್ರಿ ಒಳಗೆ, ಹಗಲು ಹೊರಗೆ. ಎರಡು ತಿಂಗಳು ಹೀಗೇ ಕುಂಡ ಹೊತ್ಕೊಂಡು ಒಳಗೆ ಹೊರಗೆ ಓಡಾಡೋದೇ ಕೆಲ್ಸ. ಇಲ್ಲಿ ಮೇ ಮೊದಲ ವಾರದಲ್ಲೂ ಹಿಮ ಬೀಳುತ್ತೆ, ಮದರ್ಸ್ ಡೇ (ಮೇ ಎರಡನೇ ಭಾನುವಾರ) ಆಗೋವರೆಗೂ ನಂಬಬೇಡಿ ಅಂತ ಇಲ್ಲಿನೋರು ಸುಮ್ನೆ ಹೇಳಲ್ಲ.

ಒಂದೇ ರಾತ್ರೀಲಿ ತುದಿಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿದ್ರೆ ಹಿಮದ ಹೊಡೆತ, ಗಿಡ ಸಾಯಲ್ಲ, ಎರಡನೇ ಸಲ ಚಿಗುರುತ್ತೆ. ನಿಧಾನಕ್ಕೆ ಕಪ್ಪು ತುದಿಯಿಂದ ಕೊಂಬೆ ಒಳಕ್ಕೆ ಇಳೀತಾ ಹೋಗ್ತಿದ್ರೆ ಅದು ಸೋಂಕು, ಕಪ್ಪಿನಿಂದ ಒಂದೆರಡು ಇಂಚು ಕೆಳಗೆ ಚೆನ್ನಾಗಿರೋ ಜಾಗದಲ್ಲಿ ಕತ್ತರಿಸಿ, ಪ್ರತಿ ಸಲ ಕತ್ತರೀನ ಆಲ್ಕೋಹಾಲಲ್ಲಿ ಒರೆಸಿ.

ಒಳಗೆ ತಂದ ಮೇಲೆ ಫೈಕಸ್ ಎಲೆ ಉದುರಿಸ್ತಿದೆ

ಹೊರಗಿಂದ ತಂದು ಒಂದೆರಡು ವಾರ ಉದುರಿಸಿದ್ರೆ ಜಾಗ ಬದಲಾಗಿದ್ದಕ್ಕೆ ಕೋಪ, ಬಿಟ್ಬಿಡಿ. ಬೆಂಗಳೂರಲ್ಲಿ ಡಿಸೆಂಬರಲ್ಲೂ 11 ಗಂಟೆಗಿಂತ ಜಾಸ್ತಿ ಹಗಲಿರುತ್ತೆ, ಇಲ್ಲಿ 9 ಗಂಟೆನೂ ಇಲ್ಲ, ಆ ಬೆಳಕೂ ಕಿಟಕಿ ಗಾಜು ದಾಟಿ ಬರ್ಬೇಕು, ಆಲದ ಜಾತಿ ಗಿಡ ಇನ್ನೇನು ಮಾಡುತ್ತೆ ಹೇಳಿ. ಉದುರೋದು ನಿಲ್ಲದಿದ್ರೆ ದಕ್ಷಿಣದ ಕಿಟಕಿಗೆ ಸರಿಸಿ, ಆಮೇಲೆ ಗಿಡದಿಂದ ಒಂದಡಿ ಮೇಲೆ ಎಲ್ಇಡಿ ಗ್ರೋ ಲೈಟ್ ದಿನಕ್ಕೆ 12ರಿಂದ 14 ಗಂಟೆ ಟೈಮರ್ ಹಾಕಿ ಬಿಡಿ. ಲೈಟಿನ ವೈರು ನೀರು ಹಾಕೋ ಟ್ರೇಗಿಂತ ಮೇಲಿರ್ಲಿ. ಹೀಟರಿನ ವೆಂಟು, ಪದೇ ಪದೇ ತೆಗೆಯೋ ಬಾಗ್ಲು ಎರಡರ ಪಕ್ಕಾನೂ ಬೇಡ.

ಎಲೆ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕಿ, ಧೂಳು ಹಿಡಿದಂಗೆ ಮಂಕು ಅಂದ್ರೆ ಬಿಳಿ ಪೇಪರ್ ಕೆಳಗೆ ಹಿಡಿದು ಕೊಂಬೆ ತಟ್ಟಿ, ಬಿದ್ದ ಪುಡೀಲಿ ಯಾವ್ದಾದ್ರೂ ನಡೆದಾಡ್ತಿದ್ರೆ, ಬೆರಳಲ್ಲಿ ಉಜ್ಜಿದಾಗ ಕಲೆ ಬಿದ್ರೆ ಸ್ಪೈಡರ್ ಮೈಟ್. ಚಳಿಗಾಲದಲ್ಲಿ ಹೀಟರ್ ಗಾಳಿ ಒಣಗಿರೋದು ಅದಕ್ಕೆ ಹಬ್ಬ. ಮೊದಲು ಬರೀ ನೀರು, ಸಿಂಕಲ್ಲಿ ಎಲೆ ಅಡಿಭಾಗಕ್ಕೆ ಜೋರಾಗಿ ಹೊಡೀರಿ, ವಾರಕ್ಕೊಂದು ಸಲ, ಸಾಲ್ದಿದ್ರೆ ಬೇವಿನೆಣ್ಣೆ ಸೋಪು. ಎಲೆ ಅಂಟಂಟು, ಕೆಳಗೆ ಟೇಬಲ್ಲೂ ಅಂಟಂಟು ಅಂದ್ರೆ ಕೊಂಬೇಲಿ ಕಂದು ಗುಬುಟು ಹುಡುಕಿ, ಅದು ಸ್ಕೇಲ್ ಹುಳ, ರಬ್ಬಿಂಗ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿ ತೆಗೀರಿ.

ಹುಳ ಇಲ್ಲ, ಬೆಳಕಿದೆ, ಆದ್ರೂ ಎಲೆ ಅಂಚು ಸುಟ್ಟಂಗೆ ಕಂದಾಗ್ತಿದೆ ಅಂದ್ರೆ ಮನೇಲಿ ವಾಟರ್ ಸಾಫ್ಟ್‌ನರ್ ಇದ್ಯಾ ನೋಡಿ. ಇಲ್ಲಿನ ಗಡಸು ನೀರಿಗೆ ಬೇಸ್‌ಮೆಂಟಲ್ಲಿ ಉಪ್ಪಿನ ಚೀಲ ಸುರಿಯೋ ಆ ಡಬ್ಬ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತೆ, ಸಣ್ಣ ಕುಂಡದಲ್ಲಿ ಅದು ಕೂಡ್ತಾ ಹೋಗುತ್ತೆ. ಹೊರಗಿನ ನಲ್ಲಿ ಸಾಮಾನ್ಯವಾಗಿ ಸಾಫ್ಟ್‌ನರ್‌ಗೆ ಸೇರಿರಲ್ಲ, ಚಳೀಲಿ ಅದು ಬಂದ್ ಆಗಿರೋದ್ರಿಂದ ಸ್ನೋ ಕರಗಿಸಿ ರೂಮ್ ಟೆಂಪರೇಚರ್‌ಗೆ ತಂದು ಹಾಕಿ.

ಫೈಕಸ್ ಕತ್ತರಿಸಿದಾಗ ಬರೋ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕಣ್ಣಿಗೆ ತಾಗಿಸ್ಕೋಬೇಡಿ, ನಾಯಿ ಬೆಕ್ಕು ಕಚ್ಚದ ಹಾಗೆ ನೋಡ್ಕೊಳಿ. ಅಜೇಲಿಯಾ ಮತ್ತೆ ಯೂ (yew) ಅನ್ನೋ ಗಿಡಗಳು ಅದಕ್ಕಿಂತ ಎಷ್ಟೋ ಪಾಲು ವಿಷ, ಮಗುನೋ ನಾಯಿನೋ ಯೂ ಎಲೆ, ಬೀಜ ತಿಂದ್ರೆ ಲಕ್ಷಣ ಕಾಣ್ಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.

ನೀರು ಹಾಕಿದ್ರೆ ಮೇಲೇ ನಿಲ್ಲುತ್ತೆ

ಕುಂಡದ ತೂತು ಕಟ್ಟಿದ್ಯಾ ಮೊದಲು ಒಂದು ಕಡ್ಡಿ ಹಾಕಿ ನೋಡಿ. ಅದಲ್ಲ ಅಂದ್ರೆ ಅಕಾಡಾಮ, ಅಂದ್ರೆ ಬೋನ್ಸಾಯ್‌ಗೆ ಬಳಸೋ ಜಪಾನಿನ ಜೇಡಿಮಣ್ಣಿನ ಉಂಡೆ. ಹೆಪ್ಪುಗಟ್ಟೋದು ಕರಗೋದು ಮತ್ತೆ ಹೆಪ್ಪುಗಟ್ಟೋದು, ಈ ಆಟದಲ್ಲಿ ಆ ಮಣ್ಣಿನ ಉಂಡೆಗಳು ಒಡೆದು ಕೆಸರಾಗ್ತವೆ, ಈ ಊರಲ್ಲಿ ಅದನ್ನ ಕಮ್ಮಿ ಮಾಡಿ ಪ್ಯೂಮಿಸ್, ಲಾವಾ ಕಲ್ಲು ಜಾಸ್ತಿ ಹಾಕೋದೇ ಒಳ್ಳೇದು. ಕುಂಡ ಬದಲಿಸೋದು ಮೊಗ್ಗು ಉಬ್ಬಿ ಇನ್ನೂ ಬಿಚ್ಚದಿರೋ ವಸಂತದ ಹೊತ್ತಲ್ಲಿ, ಅಲ್ಲೀತನಕ ಚಾಪ್‌ಸ್ಟಿಕ್ಕಲ್ಲಿ ಅಲ್ಲಲ್ಲಿ ತೂತು ಹೊಡೆದು ಕುಂಡನ ಒಂದು ಕಡೆ ಓರೆ ಮಾಡಿಡಿ.

ಕುಂಡ ಸೀಳಿದೆ

ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ. ಟೆರಾಕೋಟ ನೀರು ಕುಡಿದು ಪದರ ಪದರವಾಗಿ ಏಳುತ್ತೆ, ಬಾಯಿ ಒಳಕ್ಕೆ ಬಾಗಿರೋ ಕುಂಡದಲ್ಲಿ ಐಸ್ ಮೇಲಕ್ಕೆ ಜಾರೋಕೆ ಜಾಗ ಇಲ್ದೆ ಗೋಡೆ ಒಡೆಯುತ್ತೆ. ಬೇರು ಚೆನ್ನಾಗಿದ್ರೆ ದಾರ ಸುತ್ತಿ ವಸಂತದವರೆಗೆ ತಳ್ಳಿ. ಚೆನ್ನಾಗಿರೋ ಕುಂಡ ಚಳೀಲಿ ಹೊರಗಿಡಲೇಬೇಡಿ, ಪ್ಲಾಸ್ಟಿಕ್ ಬುಟ್ಟೀಲಿ ಗಿಡ ಇದ್ರೂ ಆ ಮೂರ್ನಾಲ್ಕು ತಿಂಗಳು ಯಾರೂ ಅದನ್ನ ನೋಡೋಕೆ ಬರಲ್ಲ.

ಬುಡದ ತೊಗಟೆ ಕೆರೆದಂಗಿದೆ

ಸ್ನೋ ಕರಗಿದ ಮೇಲೆ ಕಾಣ್ಸುತ್ತೆ, ಸಣ್ಣ ಹಲ್ಲಿನ ಗುರುತು, ಒಳಗಿನ ಬಿಳಿ ಮರ ಬೋಳಾಗಿರುತ್ತೆ. ವೋಲ್ ಅನ್ನೋ ಇಲಿ, ಇಲ್ಲ ಮೊಲ. ಒಂದು ಕಡೆ ಮಾತ್ರ ತಿಂದಿದ್ರೆ ಗಿಡ ಉಳಿಯುತ್ತೆ, ಗಾಯ ಮುಚ್ಚೋ ಪೇಸ್ಟ್ ಹಚ್ಚಿ. ಸುತ್ತಲೂ ಉಂಗುರದ ಹಾಗೆ ತಿಂದಿದ್ರೆ ಅದರ ಮೇಲಿನ ಭಾಗ ಉಳಿಯೋದು ಕಷ್ಟ, ಕೆಳಗಿಂದ ಚಿಗುರಿದ್ರೆ ಪುಣ್ಯ. ಮುಂದಿನ ಸಲ ಕಾಲಿಂಚಿನ ಕಂಬಿ ಜಾಲರಿ ಸುತ್ತಿ. ಇಲಿ ಪಾಷಾಣ ಇಡೋಕೆ ಹೋಗ್ಬೇಡಿ, ಮಕ್ಕಳು, ನಾಯಿ, ಆ ಇಲಿ ತಿನ್ನೋ ಗೂಬೆ ಎಲ್ಲಾ ಲೆಕ್ಕಕ್ಕೆ ಬರ್ತವೆ.

ಜೂನಿಪರ್ ಕೊಂಬೇಲಿ ಕಿತ್ತಳೆ ಬಣ್ಣದ ಜೆಲ್ಲಿ

ವಸಂತದ ಮಳೆ ಆದ್ಮೇಲೆ ಗಂಟಿನಿಂದ ಕೊಂಬಿನ ಥರ ಜೆಲ್ಲಿ ಎದ್ದಿದ್ರೆ ಸೀಡರ್ ಆಪಲ್ ರಸ್ಟ್ ಅನ್ನೋ ಫಂಗಸ್. ಸೇಬಿನ ಜಾತಿ ಮರಕ್ಕೂ ಜೂನಿಪರ್‌ಗೂ ಓಡಾಡ್ಕೊಂಡಿರುತ್ತೆ. ಗಂಟು ಕತ್ತರಿಸಿ ಕಸಕ್ಕೆ ಹಾಕಿ, ಜೂನಿಪರ್ ಸಾಮಾನ್ಯವಾಗಿ ಸಾಯಲ್ಲ.

ಯಾವಾಗ ನಿಲ್ಲಿಸಿ ಬೇರೆಯವರನ್ನ ಕೇಳ್ಬೇಕು

ಜೂನ್ ಅರ್ಧ ಆಯ್ತು, ಬುಡದಲ್ಲೂ ಹಸಿರಿಲ್ಲ, ಬೇರು ನಾರಾಗಿದೆ, ಅಲ್ಲಿಗೆ ಬಿಡಿ. ಅದಕ್ಕಿಂತ ಮುಂಚೆ ಕೇಳ್ಬೇಕಾದ್ದು ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ತಿದ್ರೆ, ಅಥವಾ ಲೈಮ್ ಸಲ್ಫರ್ ಥರದ ಔಷಧಿ ಹೊಡೆಯೋ ಯೋಚ್ನೆ ಬಂದಿದ್ರೆ. ಅದನ್ನ ಮನೆ ಒಳಗೆ, ಮುಚ್ಚಿದ ಗರಾಜಲ್ಲಿ ತೆಗೀಲೇಬೇಡಿ, ಯಾವ ಆಸಿಡ್ ಜೊತೆನೂ ಸೇರಿಸ್ಬೇಡಿ, ಹೈಡ್ರೋಜನ್ ಸಲ್ಫೈಡ್ ಅನ್ನೋ ಪ್ರಾಣ ತೆಗೆಯೋ ಗ್ಯಾಸ್ ಬರುತ್ತೆ, ಕಣ್ಣಿಗೆ ಕನ್ನಡಕ ಕೈಗೆ ಗ್ಲವ್ಸ್ ಇಲ್ದೆ ಮುಟ್ಟಲೂ ಬೇಡಿ.

ಸೇಂಟ್ ಪಾಲ್‌ನ ಕೋಮೋ ಪಾರ್ಕ್ ಕನ್ಸರ್ವೇಟರೀಲಿ, ಶಿಕಾಗೊ ಬೊಟಾನಿಕ್ ಗಾರ್ಡನ್‌ನಲ್ಲಿ ಬೋನ್ಸಾಯ್ ಕಲೆಕ್ಷನ್ ಇದೆ, ಆರೋಗ್ಯವಾಗಿರೋ ಗಿಡ ಹೇಗಿರುತ್ತೆ ಅಂತ ಒಂದು ಸಲ ಕಣ್ಣಲ್ಲಿ ನೋಡಿ ಬಂದ್ರೆ ಅರ್ಧ ಅನುಮಾನ ಹೋಗುತ್ತೆ. ರೋಗದ್ದೇ ಅನುಮಾನ ಅಂದ್ರೆ ಮಿನೆಸೋಟ ಯೂನಿವರ್ಸಿಟಿಯ ಎಕ್ಸ್‌ಟೆನ್ಶನ್ (ಜನಕ್ಕೆ ಕೃಷಿ, ತೋಟದ ಸಲಹೆ ಕೊಡೋ ವಿಭಾಗ) ಕಡೆ ಗಿಡದ ರೋಗ ಪರೀಕ್ಷೆ ಮಾಡೋ ಕ್ಲಿನಿಕ್ ಇದೆ, ಬೇರೆ ರಾಜ್ಯಗಳಲ್ಲೂ ಯೂನಿವರ್ಸಿಟಿಗಳಲ್ಲಿ ಇಂಥವು ಇರ್ತವೆ, ಫೀಸ್ ಎಷ್ಟು ಅಂತ ಮೊದಲು ಕೇಳ್ಕೊಳಿ. ಪೂರ್ತಿ ಒಣಗಿರೋ ಕೊಂಬೆ ಕಳಿಸ್ಬೇಡಿ, ಅದರಲ್ಲಿ ಅವರಿಗೆ ಏನೂ ಸಿಗಲ್ಲ, ಅರ್ಧ ಹಸಿರು ಅರ್ಧ ಕಂದು ಸೇರೋ ಜಾಗ ಇರೋ ತುಂಡು ಬೇಕು. ಒಣ ಪೇಪರ್ ಟವಲಲ್ಲಿ ಸುತ್ತಿ ಜಿಪ್‌ಲಾಕ್‌ಗೆ ಹಾಕಿ, ಒದ್ದೆ ಮಾಡ್ಬೇಡಿ, ಎಷ್ಟು ದಿನಕ್ಕೊಂದು ಸಲ ನೀರು, ಚಳಿಗಾಲ ಎಲ್ಲಿತ್ತು, ಯಾವಾಗಿಂದ ಹೀಗೆ ಅಂತ ಒಂದು ಚೀಟಿ ಬರೆದಿಡಿ, ಸೋಮವಾರ ಪೋಸ್ಟ್ ಮಾಡಿ, ಶುಕ್ರವಾರ ಹಾಕಿದ್ರೆ ಶನಿವಾರ ಭಾನುವಾರ ಪೋಸ್ಟಾಫೀಸಲ್ಲೇ ಕೊಳೆಯುತ್ತೆ.